ಒಂದು ‘ಕ’ಕಾರದ ಸಾಕ್ಷ್ಯ

ರಷ್ಯನ್, ಪೋಲಿಷ್, ಚೆಕ್ ಮೊದಲಾದ ಸ್ಲಾವ್ ಜನರಿಗೆ ಕ್ರೈಸ್ತಧರ್ಮ ಗ್ರೀಕರಿಂದ ಬಂತು ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವವರು ಬಹಳ. 863ರ ಸುಮಾರಿಗೆ ಸಿರಿಲ್ ಮತ್ತು ಮೆಥೋಡಿಯಸ್ ಸೋದರರು ಗ್ರೀಕರ ಬೈಜಾಂಟಿಯಂನಿಂದ ಸ್ಲಾವರ ಮೊರಾವಿಯಾಕ್ಕೆ ಹೋದದ್ದು ನಿಜ, 988ರಲ್ಲಿ ಕೀವ್‌ನ ದೊರೆ ವ್ಲಾದಿಮಿರ್ ದೀಕ್ಷಾಸ್ನಾನ ಪಡೆದದ್ದೂ ನಿಜ. ಆದರೆ ಶಿಲುಬೆಗೆ ರಷ್ಯನ್ನರು ಹೇಳುವ ‘ಕ್ರೆಸ್ತ್’ ಬೇರೆಯೇ ಸಾಕ್ಷಿ ನುಡಿಯುತ್ತದೆ. ಗ್ರೀಕಿನಿಂದ ನೇರವಾಗಿ ಬಂದಿದ್ದರೆ ‘ಖ್ರಿಸ್ತೋಸ್’ನ ಗಂಟಲ ‘ಖ’ ಮೊದಲಲ್ಲೇ ಕೇಳಬೇಕಿತ್ತು. ಇಲ್ಲಿರುವುದು ‘ಕ’. ಹಳೆಯ ಜರ್ಮನ್ನಿನಲ್ಲಿ ಕ್ರಿಸ್ತನ ಹೆಸರು ‘ಕ್ರಿಸ್ಟ್’. ಜರ್ಮನ್ ಸೀಮೆಯ ಸಾಲ್ಸ್‌ಬರ್ಗ್‌ನ ಪಾದ್ರಿಗಳು 8ನೇ ಶತಮಾನದಲ್ಲೇ ಆಲ್ಪ್ಸ್ ತಪ್ಪಲಿನ ಸ್ಲಾವರ ನಡುವೆ ಓಡಾಡುತ್ತಿದ್ದರು. ಪದ ಆ ದಾರಿಯಲ್ಲೇ ಬಂದಿತೆಂದು ಹೆಚ್ಚಿನ ಪಂಡಿತರ ಅಭಿಪ್ರಾಯ. ಕ್ರಿಸ್ತನ ಹೆಸರು ಆತನನ್ನು ಏರಿಸಿದ ಮರಕ್ಕೂ ಅಂಟಿಕೊಂಡಿತು. ‘ಕ್ರೆಸ್ತೀತ್’ ಎಂದರೆ ದೀಕ್ಷಾಸ್ನಾನ ಕೊಡುವುದು.

ಬೆಂಕಿ ಹೊತ್ತಿಸುವ ‘ಕ್ರೆಸ್’ ಧಾತುವೇ ಇದರ ಮೂಲ, ಇದೆಲ್ಲ ಹಳೆಯ ಅಗ್ನಿಪೂಜೆ ಎಂಬ ಕಥೆಯೂ ಓಡಾಡುತ್ತಿದೆ. ಹಳೆಯ ಸ್ಲಾವ್ ಹಸ್ತಪ್ರತಿ ಬಿಡಿಸಿದರೆ ಸಾಕು, ಕಥೆ ನಿಲ್ಲುವುದಿಲ್ಲ. ಬೆಂಕಿಯ ಪದದಲ್ಲಿ ಪೂರ್ಣ ‘ಎ’ ಇದೆ. ಶಿಲುಬೆಯದು ‘ಕ್ರಿಸ್ತು’ ಎನ್ನುವಂತಿದ್ದು, ಅದರ ‘ಇ’, ‘ಉ’ ಎರಡೂ ಹ್ರಸ್ವಕ್ಕಿಂತ ಹ್ರಸ್ವ.

ಈ ಬಡಕಲು ಸ್ವರಗಳು ಮುಂದೆ ಅಳಿದವು, ನಾವು ‘ಹುಡುಗ’ನನ್ನು ‘ಹುಡ್ಗ’ ಎಂದು ನುಂಗುವ ಹಾಗೆ. ಆದರೆ ಅಲ್ಲಿ ನುಂಗುವುದಕ್ಕೂ ಲೆಕ್ಕವಿತ್ತು. ಚೆಕ್ ಪಂಡಿತ ಹಾವ್ಲಿಕ್ 1889ರಲ್ಲಿ ಅದನ್ನು ಬಿಡಿಸಿಟ್ಟ. ಈ ಬಡಕಲು ಸ್ವರಗಳನ್ನು ಪದದ ಕೊನೆಯಿಂದ ಎಣಿಸಿ: ಮೊದಲನೆಯದು ಬೀಳುತ್ತದೆ, ಎರಡನೆಯದು ಗಟ್ಟಿಯಾಗಿ ‘ಎ’ಯಂಥ ಪೂರ್ಣ ಸ್ವರವಾಗುತ್ತದೆ, ಮೂರನೆಯದು ಮತ್ತೆ ಬೀಳುತ್ತದೆ. ನಡುವೆ ಪೂರ್ಣ ಸ್ವರ ಸಿಕ್ಕರೆ ಎಣಿಕೆ ಹೊಸದಾಗಿ ಶುರು. ಪೋಲಿಷ್‌ನಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ದೀಕ್ಷಾಸ್ನಾನ ‘ಖ್ಶೆಸ್ತ್’, ‘ದೀಕ್ಷಾಸ್ನಾನದ’ ಎನ್ನಲು ‘ಖ್ಶ್ತು’ (ಮೊದಲ ‘ಕ’ ಇಲ್ಲಿ ‘ಖ’ ಆದದ್ದು ಪೋಲಿಷ್‌ನಲ್ಲೇ, ಆಮೇಲೆ). ವಿಭಕ್ತಿಯ ಪೂರ್ಣ ಸ್ವರ ಕೊನೆಗೆ ಬಂದಿದ್ದೇ ತಡ, ಒಳಗಿನದು ಮೊದಲನೆಯದಾಗಿ ಬಿತ್ತು. ನೂಕುನುಗ್ಗಲಿನಲ್ಲಿ ‘ಸ’ಕಾರವೂ ಹೋಯಿತು.

ಆದರೆ ಪೋಲಿಷರ ಶಿಲುಬೆ ‘ಕ್ಶಿಶ್’! ಕ್ರೊವೇಷಿಯನ್ನರದು ‘ಕ್ರಿಝ್’. ಇವು ಶಿಲುಬೆಯ ಲ್ಯಾಟಿನ್ ಹೆಸರು ‘ಕ್ರುಕ್ಸ್’ನ ಸಂತಾನ. ಪೋರ್ಚುಗೀಸರಿಂದ ಬಂದ ಮಂಗಳೂರು ಕೊಂಕಣಿಯ ‘ಖುರಿಸ್’ ಕೂಡ ಇದೇ ಬಳಗದ್ದು, ನಮ್ಮ ‘ಶಿಲುಬೆ’ ಮಾತ್ರ ಸಿರಿಯಾಕ್ ಮೂಲದ್ದು. ‘ಕ್ರಿಝ್’ ಕ್ಯಾಥೊಲಿಕರದು, ‘ಕ್ರೆಸ್ತ್’ ಆರ್ಥೊಡಾಕ್ಸರದು ಎಂದು ಗೆರೆ ಎಳೆಯುವವರು ಬೆಲಾರೂಸ್ ಕಡೆ ನೋಡಲಿ: ಆರ್ಥೊಡಾಕ್ಸರೇ ಹೆಚ್ಚಿರುವ ಅಲ್ಲಿಯೂ ಶಿಲುಬೆ ‘ಕ್ರಿಶ್’. ದೀಕ್ಷಾಸ್ನಾನದ ವಿಷಯದಲ್ಲಂತೂ ಆ ಗೆರೆಯೇ ಇಲ್ಲ. ಚೆಕ್, ಸ್ಲೊವೀನ್, ಪೋಲಿಷ್ ಎಲ್ಲವೂ ಹಳೆಯ ‘ಕ್ರಿಸ್ತು’ವನ್ನೇ ಹಿಡಿದುಕೊಂಡಿವೆ. 966ರಲ್ಲಿ ದೊರೆ ಮ್ಯೆಶ್ಕೊ ರೋಮಿನ ಪಂಥಕ್ಕೆ ಸೇರಿದ್ದನ್ನು ಪೋಲೆಂಡಿನ ಶಾಲಾಮಕ್ಕಳು ಇವತ್ತಿಗೂ ‘ಖ್ಶೆಸ್ತ್ ಪೋಲ್ಸ್ಕಿ’, ಪೋಲೆಂಡಿನ ದೀಕ್ಷಾಸ್ನಾನ, ಎಂದೇ ಓದುತ್ತಾರೆ.