ಬ್ಯಾಂಡ್‌ಸಾ ಬ್ಲೇಡನ್ನು ಹಿಡಿದಿಡುವ ಉಬ್ಬು

ಬ್ಯಾಂಡ್‌ಸಾ ಅಂದರೆ ಎರಡು ಚಕ್ರಗಳ ಮೇಲೆ ಉಂಗುರದಂತೆ ಸುತ್ತುವ ಬ್ಲೇಡಿನ ಗರಗಸ ಯಂತ್ರ. ಅದರಲ್ಲಿ ಮರ ಕೊಯ್ಯುವಾಗ ಬ್ಲೇಡ್ ಹಿಂದೆ ಮುಂದೆ ಓಡಾಡತೊಡಗಿದರೆ ಎಲ್ಲರೂ ಮೊದಲು ಬೈಯುವುದು ಬ್ಲೇಡನ್ನೇ. ಹೊಸದು ತಂದು ಹಾಕುತ್ತಾರೆ. ಸ್ವಲ್ಪ ದಿನ ಸರಿ ಇದ್ದ ಹಾಗೆ ಕಾಣುತ್ತದೆ, ಮತ್ತೆ ಅದೇ ಕಥೆ. ಆಮೇಲೆ ಬ್ಲೇಡ್ ಅತ್ತಿತ್ತ ಹೋಗದಂತೆ ತಡೆಯುವ ಗೈಡ್ ಬಿಗಿ ಮಾಡುತ್ತಾರೆ, ಟೆನ್ಷನ್ (ಬ್ಲೇಡಿನ ಬಿಗಿತ) ಏರಿಸುತ್ತಾರೆ. ಎರಡು ಚಕ್ರಗಳಿಗೆ ಸುತ್ತಿರುವ ರಬ್ಬರ್ ಪಟ್ಟಿಯನ್ನು ಮಾತ್ರ ಮುಟ್ಟಿ ನೋಡುವವರು ಕಡಿಮೆ. ಆದರೆ ಎಷ್ಟೋ ಸಲ ರೋಗ ಇರುವುದು ಅಲ್ಲೇ.

ಆ ಪಟ್ಟಿಗೆ ಟೈರ್ ಅಂತಾರೆ. ಗಾಳಿ ತುಂಬುವ ಟೈರ್ ಅಲ್ಲ. ಕೆಲವೇ ಮಿಲಿಮೀಟರ್ ದಪ್ಪದ ರಬ್ಬರ್ ಅಥವಾ ಪಾಲಿಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್. ಬ್ಲೇಡ್ ಜಾರದಂತೆ ಅದು ಹಿಡಿತ ಕೊಡುತ್ತದೆ. ಬ್ಲೇಡಿನ ಹಲ್ಲುಗಳನ್ನು ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಬಾಗಿಸಿರುತ್ತಾರಲ್ಲ, ಅವು ಲೋಹದ ಚಕ್ರಕ್ಕೆ ಒತ್ತಿ ಹಾಳಾಗದಂತೆ ಮೆತ್ತೆಯೂ ಆಗುತ್ತದೆ. ಆದರೆ ಬಹಳಷ್ಟು ಸಣ್ಣ ಯಂತ್ರಗಳಲ್ಲಿ ಅದರ ದೊಡ್ಡ ಕೆಲಸವೇ ಬೇರೆ: ಬ್ಲೇಡ್ ದಾರಿ ತಪ್ಪದಂತೆ ನೋಡಿಕೊಳ್ಳುವುದು.

ಇಂಥ ಯಂತ್ರದ ಒಳ್ಳೆಯ ಟೈರಿನ ಮೇಲೆ ಅಡ್ಡಲಾಗಿ ಒಂದು ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ನಡುವೆ ತಾಗುತ್ತದೆ, ಎರಡೂ ಅಂಚಿನಲ್ಲಿ ಬೆಳಕು ಸಣ್ಣದಾಗಿ ತೂರುತ್ತದೆ. ಅಂದರೆ ನಡು ಸ್ವಲ್ಪ ಉಬ್ಬಿದೆ. ಉಬ್ಬಿದ ಚಕ್ರದ ಮೇಲೆ ಓಡುವ ಬ್ಲೇಡ್ ಇಳಿಜಾರಿನ ಕಡೆಗೆ ಜಾರಿ ಬೀಳಬೇಕು ಅನಿಸುತ್ತದೆ, ಅಲ್ವಾ? ಆಗುವುದು ತದ್ವಿರುದ್ಧ. ಅದು ಏರು ಹತ್ತುತ್ತದೆ.

ಕಾರಣ ಹೀಗಿದೆ. ಬ್ಲೇಡ್ ನಡುವಿನಿಂದ ಒಂದು ಪಕ್ಕಕ್ಕೆ ಸರಿದಿದೆ ಅಂದುಕೊಳ್ಳಿ. ಈಗ ಅದರ ಒಂದು ಅಂಚು ಉಬ್ಬಿನ ಹತ್ತಿರ, ಜಾಸ್ತಿ ಸುತ್ತಳತೆಯ ಮೇಲಿದೆ. ಇನ್ನೊಂದು ಅಂಚು ಕಡಿಮೆ ಸುತ್ತಳತೆಯ ಮೇಲಿದೆ. ಉಬ್ಬಿನ ಕಡೆಯ ಅಂಚು ಹೆಚ್ಚು ಎಳೆತಕ್ಕೆ ಸಿಗುತ್ತದೆ. ಇದರಿಂದ ಚಕ್ರದತ್ತ ಬರುತ್ತಿರುವ ಬ್ಲೇಡ್ ಕೂದಲೆಳೆಯಷ್ಟು ಓರೆಯಾಗುತ್ತದೆ, ಅದೂ ಉಬ್ಬಿನ ಕಡೆಗೆ. ಹಾಗಾಗಿ ಬ್ಲೇಡಿನ ಮುಂದಿನ ಭಾಗ ಚಕ್ರವನ್ನು ಮುಟ್ಟುವಾಗ ನಡುವಿಗೆ ಇನ್ನಷ್ಟು ಹತ್ತಿರ ಮುಟ್ಟುತ್ತದೆ. ಪ್ರತಿ ಸುತ್ತಿಗೂ ಇಷ್ಟಿಷ್ಟೇ ಸರಿದು ಕೊನೆಗೆ ಉಬ್ಬಿನ ಮೇಲೆ ಬಂದಾಗ ಎರಡೂ ಕಡೆಯ ಎಳೆತ ಸಮವಾಗುತ್ತದೆ. ಅಲ್ಲಿಗೆ ನಿಲ್ಲುತ್ತದೆ. ಚಪ್ಪಟೆ ಬೆಲ್ಟಿನಿಂದ ನಡೆಯುವ ಹಳೆಯ ಹಿಟ್ಟಿನ ಗಿರಣಿ ನಿಮ್ಮೂರಲ್ಲಿ ಇನ್ನೂ ಉಳಿದಿದ್ದರೆ ಅದರ ಪುಲ್ಲಿಯ ಮೇಲೆ ಕೈಯಾಡಿಸಿ ನೋಡಿ (ಮೋಟರ್ ನಿಂತಿರುವಾಗ!). ಅಲ್ಲೂ ನಡು ಉಬ್ಬಿರುವ ಸಾಧ್ಯತೆಯೇ ಜಾಸ್ತಿ. ಎಷ್ಟು ಸರಳ ಉಪಾಯ!

ಈ ಉಬ್ಬು ಸವೆದು ಚಪ್ಪಟೆಯಾದರೆ ಬ್ಲೇಡಿಗೆ ಮನೆಯೇ ಇಲ್ಲದಂತಾಗುತ್ತದೆ. ನಡುವೆ ತಗ್ಗು ಬಿದ್ದರಂತೂ ಇನ್ನೂ ಕಷ್ಟ. ಏರು ಈಗ ಎರಡು ಅಂಚುಗಳಲ್ಲಿದೆ, ಬ್ಲೇಡ್ ಅತ್ತ ಓಡುತ್ತದೆ.

ರಬ್ಬರ್ ಹಾಳಾಗುವುದು ಬರೀ ಉಜ್ಜಾಟದಿಂದಲ್ಲ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದಿಂದ ಇಳಿಸುವ ರಬ್ಬರಿನ ಅಣು ಒಂದು ಉದ್ದನೆಯ ಸರಪಳಿ. ಅದರಲ್ಲಿ ಅಲ್ಲಲ್ಲಿ ಇಂಗಾಲದ ಜೋಡಿಬಂಧಗಳಿವೆ. ಗಾಳಿಯಲ್ಲಿರುವ ಓಝೋನ್ ಅವನ್ನು ಕತ್ತರಿಸುತ್ತದೆ. ನೂರು ಕೋಟಿ ಭಾಗ ಗಾಳಿಯಲ್ಲಿ ಹತ್ತಿಪ್ಪತ್ತು ಭಾಗ ಓಝೋನ್ ಇದ್ದರೂ ಸಾಕು. ರಬ್ಬರನ್ನು ಎಳೆದು ಹಿಡಿದಿದ್ದರೆ ಕತ್ತರಿಸಿದ ಜಾಗ ಬಾಯಿ ಬಿಟ್ಟು ಬಿರುಕಾಗುತ್ತದೆ. ಬ್ಯಾಂಡ್‌ಸಾ ಟೈರನ್ನು ಚಕ್ರಕ್ಕಿಂತ ಸ್ವಲ್ಪ ಚಿಕ್ಕದಾಗಿ ಮಾಡಿ ಎಳೆದು ಕೂರಿಸುತ್ತಾರೆ. ಹಾಗಾಗಿ ಯಂತ್ರ ಮೂಲೆಯಲ್ಲಿ ಸುಮ್ನೆ ನಿಂತಿದ್ದರೂ ಟೈರ್ ಮುದಿಯಾಗುತ್ತಲೇ ಇರುತ್ತದೆ. ಬಿರುಕುಗಳು ಎಳೆತಕ್ಕೆ ಅಡ್ಡಲಾಗಿ, ಅಂದರೆ ಟೈರಿನ ಅಗಲಕ್ಕೆ ಬೀಳುತ್ತವೆ. ಉಗುರಿನಿಂದ ಒತ್ತಿ ನೋಡಿ: ಒಳ್ಳೆಯ ರಬ್ಬರ್ ತಗ್ಗಿ ಮೇಲೆ ಬರುತ್ತದೆ. ಗಟ್ಟಿಯಾಗಿ ಹೋಗಿದ್ದರೆ, ಪುಡಿ ಉದುರಿದರೆ, ಬದಲಿಸಲೇಬೇಕು. ಪಾಲಿಯುರೆಥೇನ್ ಸರಪಳಿಯಲ್ಲಿ ಸಾಮಾನ್ಯವಾಗಿ ಅಂಥ ಜೋಡಿಬಂಧಗಳಿಲ್ಲ, ಓಝೋನಿಗೆ ಅದು ಬಗ್ಗುವುದಿಲ್ಲ. ಆದರೆ ಅದರ ಕೆಲವು ಬಗೆಗಳು ವರ್ಷಗಟ್ಟಲೆ ತೇವದಲ್ಲಿದ್ದರೆ ಮೆತ್ತಗಾಗಿ ಕಿತ್ತುಬರುತ್ತವೆ.

ಟೈರ್ ಕೆಟ್ಟರೆ ಬ್ಲೇಡಿಗೇನು ನಷ್ಟ? 14 ಇಂಚಿನ ಚಕ್ರದ ಸಾಮಾನ್ಯ ಯಂತ್ರವನ್ನು ತೆಗೆದುಕೊಳ್ಳಿ. ಬ್ಲೇಡಿನ ಉದ್ದ ಸುಮಾರು 2.4 ಮೀಟರ್, ವೇಗ ಸೆಕೆಂಡಿಗೆ ಸುಮಾರು 15 ಮೀಟರ್. ಎರಡು ಚಕ್ರಗಳನ್ನೂ ಸುತ್ತುವುದರಿಂದ ಬ್ಲೇಡಿನ ಪ್ರತಿ ಬಿಂದುವೂ ಸೆಕೆಂಡಿಗೆ ಸುಮಾರು 12 ಸಲ ಬಾಗಿ ಮತ್ತೆ ನೇರವಾಗುತ್ತದೆ. ಲೋಹವನ್ನು ದಣಿಸಲು ಇಷ್ಟೇ ಸಾಕು. 19ನೇ ಶತಮಾನದ ಆರಂಭದಲ್ಲೇ ಬ್ಯಾಂಡ್‌ಸಾದ ಪೇಟೆಂಟ್ ಆಗಿದ್ದರೂ ಬ್ಲೇಡ್‌ಗಳು ಎರಡು ತುದಿ ಸೇರಿಸಿದ ಬೆಸುಗೆಯಲ್ಲಿ ತುಂಡಾಗುತ್ತಿದ್ದವು. 1846ರಲ್ಲಿ ಕ್ರೆಪೆನ್ ಎಂಬ ಫ್ರೆಂಚ್ ಮಹಿಳೆ ಒಳ್ಳೆಯ ಬೆಸುಗೆಯ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆಯೇ ಈ ಯಂತ್ರ ನಿಜವಾಗಿ ಕೆಲಸಕ್ಕೆ ಬಂದದ್ದು. ಇಷ್ಟು ದಣಿಯುವ ಬ್ಲೇಡಿನ ಕೆಳಗೆ ಟೈರಿನ ಒಂದು ಗಂಟೋ, ಅಂಟಿದ ಮರದ ಹೊಟ್ಟೋ ಇದ್ದರೆ ಚಕ್ರದ ಪ್ರತಿ ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು ಹದಿಮೂರು ಸಲ ಅದರ ಗುದ್ದೂ ಸೇರುತ್ತದೆ.

ಬದಲಿಸುವಾಗ ಪ್ಲಗ್ ಕಿತ್ತು, ಟೆನ್ಷನ್ ಸಡಿಲಿಸಿ, ಬ್ಲೇಡ್ ತೆಗೆಯಿರಿ. ಚಕ್ರ ಬಿಚ್ಚಿಟ್ಟುಕೊಂಡರೆ ಕೆಲಸ ಸಲೀಸು. ಹಳೆಯ ಟೈರಿಗಿಂತ ಅದರ ಅಡಿಯ ಒಣಗಿದ ಅಂಟು ಕಾಡುವುದೇ ಜಾಸ್ತಿ. ಅಲ್ಲಿ ಅವಸರ ಬೇಡ. ಅಕ್ಕಿಕಾಳಿನಷ್ಟು ಅಂಟು ಉಳಿದರೂ ಹೊಸ ಟೈರಿನ ಮೇಲೆ ಅದು ಗಂಟಾಗಿ ಏಳುತ್ತದೆ. ಪಾಲಿಯುರೆಥೇನ್ ಆದರೆ ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ. ಮೆತ್ತಗಾಗುತ್ತದೆ. ಒಂದು ಕಡೆ ಕ್ಲ್ಯಾಂಪ್ ಹಾಕಿ, ಎರಡೂ ಬದಿಯಿಂದ ಎಳೆಯುತ್ತಾ ಕೂರಿಸಿ. ಆಮೇಲೆ ನಯವಾದ ದುಂಡು ಕೋಲೊಂದನ್ನು ಟೈರ್ ಮತ್ತು ಚಕ್ರದ ನಡುವೆ ತೂರಿಸಿ, ಸುತ್ತಲೂ ಎರಡು ಮೂರು ಸುತ್ತು ಒಯ್ಯಿರಿ. ಇದನ್ನು ಬಿಡಬೇಡಿ. ಎಳೆದ ಕಡೆ ತೆಳ್ಳಗೆ, ಕೊನೆಗೆ ತಳ್ಳಿದ ಕಡೆ ದಪ್ಪಗೆ ಕೂತಿರುವ ಟೈರ್ ಆಗ ಸಮನಾಗುತ್ತದೆ. ರಬ್ಬರ್ ಟೈರಿಗೆ ಸಾಮಾನ್ಯವಾಗಿ ಅಂಟು ಬೇಕು, ಉಬ್ಬನ್ನು ಮರಳುಕಾಗದದಿಂದ ತಿದ್ದಬೇಕಾಗಿಯೂ ಬರಬಹುದು. ಬ್ಲೇಡ್ ಹಾಕಿದ ಮೇಲೆ ಚಕ್ರವನ್ನು ಮೊದಲು ಕೈಯಲ್ಲೇ ತಿರುಗಿಸಿ, ಬ್ಲೇಡ್ ನಡುವಿಗೆ ಬಂದು ನಿಲ್ಲುವವರೆಗೆ ಮೇಲಿನ ಚಕ್ರದ ಓರೆಯನ್ನು ಹೊಂದಿಸಿ. ದಿನದ ಕೆಲಸ ಮುಗಿದಾಗ ಟೆನ್ಷನ್ ಸಡಿಲಿಸಿದರೆ ಟೈರಿನಲ್ಲಿ ಬ್ಲೇಡಿನ ಗುರುತು ಒತ್ತಿಕೊಳ್ಳುವುದಿಲ್ಲ.