ಹೆದೆ ಮಣಿಕಟ್ಟಿಗೆ ಬಡಿಯುತ್ತಾ? ಮೊದಲು ಬಿಲ್ಲು ನೋಡಿ

ಹೆದೆ ಕೈಗೆ ಬಡಿಯೋದು ಮಾಮೂಲು, ಸ್ವಲ್ಪ ದಿನ ಸಹಿಸಿಕೊಂಡರೆ ಚರ್ಮ ತಾನೇ ಗಟ್ಟಿಯಾಗುತ್ತೆ ಅಂತ ಹೇಳುವವರು ಪುಣೆಯ ಮೈದಾನಗಳಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ನಂಬಬೇಡಿ. ಬಿಲ್ಲು ಸರಿಯಿದ್ದು, ಹಿಡಿತ ಸರಿಯಿದ್ದರೆ ಹೆದೆ ಕೈಯನ್ನು ಮುಟ್ಟುವುದೇ ಇಲ್ಲ. ಮತ್ತೆ ಮತ್ತೆ ಬಡಿಯುತ್ತಿದೆ ಅಂದರೆ ಎಲ್ಲೋ ಏನೋ ತಪ್ಪಿದೆ. ಎಲ್ಲಿ ತಪ್ಪಿದೆ ಅನ್ನೋದನ್ನ ಬಾಸುಂಡೆ ಎದ್ದ ಜಾಗವೇ ಹೇಳಿಬಿಡುತ್ತದೆ.

ನನ್ನ ಹತ್ತಿರ ಭಾನುವಾರ ಬೆಳಿಗ್ಗೆ ಕಲಿಯಲು ಬರುವವರಲ್ಲಿ ವಾಕಡ್, ಪಿಂಪಳೆ ಸೌದಾಗರ್ ಕಡೆಯ ನಮ್ಮ ಕನ್ನಡದವರೇ ಜಾಸ್ತಿ. ಹುಬ್ಬಳ್ಳಿ, ಬೆಳಗಾವಿಯಿಂದ ಬಂದು ಐಟಿಯಲ್ಲಿರುವವರು, ಅವರ ಮಕ್ಕಳು. ಯಾರಾದರೂ ಮರಾಠಿಯಲ್ಲಿ 'ಲಾಗ್ಲಂ ಲಾಗ್ಲಂ' (ಪೆಟ್ಟಾಯ್ತು) ಅಂತ ಕೈ ಉಜ್ಜಿಕೊಂಡರೆ ನಾನು ಮೊದಲು ತೋಳು ಚಾಚಿಸಿ ಗುರುತು ನೋಡುತ್ತೇನೆ. ಮಣಿಕಟ್ಟಿನ ಹತ್ತಿರ ಕೆಂಪಾಗಿದ್ದರೆ ಬಿಲ್ಲು ಇಲ್ಲವೇ ಹಿಡಿತದ ತೊಂದರೆ. ಮುಂಗೈ ಮಧ್ಯದಿಂದ ಮೊಣಕೈವರೆಗೆ ಬಾಸುಂಡೆ ಎದ್ದಿದ್ದರೆ ತೋಳು ನಿಂತಿರುವ ರೀತಿಯ ತೊಂದರೆ. ನೂರಕ್ಕೆ ನೂರು ಹೀಗೇ ಅಂತಲ್ಲ, ಆದರೆ ಹುಡುಕಾಟ ಶುರು ಮಾಡಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. (ಬಲಗೈಯಲ್ಲಿ ಹೆದೆ ಎಳೆಯುವವರ ಲೆಕ್ಕದಲ್ಲಿ ಬರೆಯುತ್ತಿದ್ದೇನೆ, ಎಡಚರು ತಿರುಗಿಸಿ ಓದಿಕೊಳ್ಳಿ.)

ಮಣಿಕಟ್ಟಿನ ವಿಷಯಕ್ಕೇ ಬರೋಣ. ಹೆದೆಯೇರಿಸಿದ ಬಿಲ್ಲಿನಲ್ಲಿ ಹಿಡಿಕೆಯ ಅತಿ ಒಳಗಿನ ಜಾಗದಿಂದ ಹೆದೆವರೆಗೆ ಎಷ್ಟು ದೂರ ಇದೆಯೋ ಅದು ಬ್ರೇಸ್ ಹೈಟ್. ಬಾಣ ಬಿಟ್ಟಾಗ ಹೆದೆ ತನ್ನ ಜಾಗಕ್ಕೆ ಬಂದು ಗಪ್ ಅಂತ ನಿಲ್ಲುವುದಿಲ್ಲ, ಆ ವೇಗದಲ್ಲಿ ಸ್ವಲ್ಪ ಮುಂದಕ್ಕೂ ಹೋಗಿ, ಅದುರಿ, ಆಮೇಲೆ ನಿಲ್ಲುತ್ತದೆ. ಬ್ರೇಸ್ ಹೈಟ್ ಕಡಿಮೆ ಇದ್ದಷ್ಟೂ ಹೆದೆ ನಿಲ್ಲುವ ಜಾಗ ಮಣಿಕಟ್ಟಿಗೆ ಹತ್ತಿರ, ಹಾಗಾಗಿ ಆ ಮುಂದಕ್ಕೆ ಹೋಗುವ ಸ್ವಲ್ಪವೇ ಸಾಕು ಚಟ್ ಅನ್ನಲು. 60 ಇಂಚಿನ ರಿಕರ್ವ್ ಬಿಲ್ಲಿಗೆ (ತುದಿಗಳು ಮುಂದಕ್ಕೆ ಬಾಗಿರುವಂಥದ್ದು) ಸಾಮಾನ್ಯವಾಗಿ ಏಳೂವರೆಯಿಂದ 8 ಇಂಚು ಇರುತ್ತದೆ, ತುದಿ ಬಾಗಿರದ ಉದ್ದನೆಯ ಲಾಂಗ್‌ಬೋಗೆ ಆರೂವರೆಯಿಂದ ಏಳೂವರೆ. ಬಿದಿರಿನ ಬಿಲ್ಲಾದರೆ ಮಾಡಿದವರನ್ನೇ ಕೇಳಬೇಕು. ಇಂಗ್ಲೆಂಡಿನ ಹಳೆಯ ಬಿಲ್ಲುಗಾರರು ಹಿಡಿಕೆಯ ಮೇಲೆ ಮುಷ್ಟಿ ಇಟ್ಟು ಹೆಬ್ಬೆರಳು ಎತ್ತಿ, ಅದರ ತುದಿ ಹೆದೆಗೆ ತಾಗುತ್ತಾ ಅಂತ ನೋಡುತ್ತಿದ್ದರು. ನೀವು ಸ್ಕೇಲ್ ಹಿಡಿದು ಅಳೆಯಿರಿ.

ಇಲ್ಲಿ ಒಂದು ತಮಾಷೆ ಇದೆ. ಬಿಲ್ಲು ಕೊಂಡ ಮೊದಲ ವಾರ ಏನೂ ಆಗುವುದಿಲ್ಲ, ಎರಡು ಮೂರು ವಾರ ಕಳೆದ ಮೇಲೆ ಬಡಿತ ಶುರುವಾಗುತ್ತದೆ, ಆಗ ಎಲ್ಲರೂ ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಕೈ ಪಾಪ, ಏನೂ ಮಾಡಿಲ್ಲ. ಹೊಸ ಡೇಕ್ರಾನ್ (ಒಂದು ಬಗೆಯ ಪಾಲಿಯೆಸ್ಟರ್ ನೂಲು) ಹೆದೆ ಬಳಸುತ್ತಾ ಬಳಸುತ್ತಾ ಉದ್ದವಾಗುತ್ತದೆ, ಬ್ರೇಸ್ ಹೈಟ್ ಇಳಿಯುತ್ತದೆ. ಹೆದೆ ಇಳಿಸಿ, ಒಂದು ತುದಿಯ ಕುಣಿಕೆ ಬಿಡಿಸಿ, ಈಗಾಗಲೇ ಹುರಿ ಇರುವ ದಿಕ್ಕಿನಲ್ಲೇ ನಾಲ್ಕೈದು ಸುತ್ತು ಹಾಕಿ, ಮತ್ತೆ ಏರಿಸಿ ಅಳೆಯಿರಿ. ಸಾಲದಿದ್ದರೆ ಇನ್ನೂ ನಾಲ್ಕೈದು. ಹೆದೆ ಗಂಟುಗಂಟಾಗುವಷ್ಟು ಸುತ್ತಬೇಕಾಗಿ ಬಂದರೆ ಆ ಹೆದೆಯೇ ನಿಮ್ಮ ಬಿಲ್ಲಿನದಲ್ಲ, ಗಿಡ್ಡದ್ದು ತನ್ನಿ. ಹಿಗ್ಗದ ಹೆದೆ ಬೇಕು ಅಂತ ಹಳೆಯ ಮರದ ಬಿಲ್ಲಿಗೆ ಫಾಸ್ಟ್ ಫ್ಲೈಟ್ ಅನ್ನೋ ನೂಲಿನ ಹೆದೆ ಹಾಕಲು ಮಾತ್ರ ಹೋಗಬೇಡಿ, ಬಿಲ್ಲಿನ ತುದಿ ಸೀಳಬಹುದು. ಏಪ್ರಿಲ್-ಮೇ ಬಿಸಿಲಲ್ಲಿ ಬಿಲ್ಲನ್ನು ಕಾರಿನ ಡಿಕ್ಕಿಯಲ್ಲಿ ಬಿಟ್ಟು ಆಫೀಸಿಗೆ ಹೋಗುವವರಿಗೆ ನಾನು ಏನು ಹೇಳಲಿ.

ಆಮೇಲೆ ಹಿಡಿತ. ಹೊಸಬರು ಬಿಲ್ಲನ್ನು ಸ್ಕೂಟರ್ ಹ್ಯಾಂಡಲ್ ಹಿಡಿದ ಹಾಗೆ ಬಿಗಿಯಾಗಿ ಹಿಡಿಯುತ್ತಾರೆ. ಹಾಗೆ ಹಿಡಿದರೆ ಮಣಿಕಟ್ಟು ಒಳಕ್ಕೆ ತಿರುಗಿ ನೇರ ಹೆದೆಯ ದಾರಿಗೇ ಬರುತ್ತದೆ. ಅಂಗೈಯಲ್ಲಿ ಜ್ಯೋತಿಷಿಗಳು ಆಯುಷ್ಯರೇಖೆ ಅಂತ ತೋರಿಸುತ್ತಾರಲ್ಲ, ಹೆಬ್ಬೆರಳಿನ ಬುಡವನ್ನು ಸುತ್ತುವ ಗೆರೆ, ಬಿಲ್ಲಿನ ಒತ್ತಡ ಆ ಗೆರೆಯಿಂದ ಹೆಬ್ಬೆರಳಿನ ಕಡೆಗೇ ಬೀಳಬೇಕು. ಗೆರೆ ದಾಟಿ ಕಿರುಬೆರಳಿನ ಕಡೆ ಹೋಗಬಾರದು. ಗೆಣ್ಣುಗಳು ನೆಟ್ಟಗೆ ನಿಲ್ಲದೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಇರಲಿ. ಬೆರಳು ಸಡಿಲ ಬಿಡಿ, ಬಿಲ್ಲು ಬೀಳುವುದಿಲ್ಲ, ಎಳೆದಾಗ ಅದೇ ಅಂಗೈಗೆ ಒತ್ತಿಕೊಳ್ಳುತ್ತದೆ.

ಮೊಣಕೈ ಕಡೆ ಬಡಿಯುವವರಿಗೆ ಒಂದೇ ಅಭ್ಯಾಸ. ಗೋಡೆಗೆ ಎಡ ಅಂಗೈ ಒತ್ತಿ, ತೋಳು ಭುಜದ ಎತ್ತರಕ್ಕೆ ಚಾಚಿ. ಅಂಗೈ ಅಲ್ಲಾಡದ ಹಾಗೆ ಮೊಣಕೈ ಮಾತ್ರ ತಿರುಗಿಸಿ. ಮೊಣಕೈ ಒಳಗಿನ ಮಡಿಕೆ ಮೇಲಕ್ಕೆ ನೋಡುತ್ತಿದ್ದರೆ ಅದು ಬಲಗಡೆಗೆ ನೋಡುವ ಹಾಗಾಗಬೇಕು. ತೋಳಿನ ಒಳಭಾಗ ಪಕ್ಕಕ್ಕೆ ಸರಿದು ಹೆದೆಗೆ ದಾರಿ ಬಿಡುವುದು ಕಣ್ಣಿಗೇ ಕಾಣುತ್ತದೆ. ಕೆಲವರ ಮೊಣಕೈ, ಹುಡುಗಿಯರಲ್ಲಿ ಜಾಸ್ತಿ, ನೇರಕ್ಕಿಂತ ಆಚೆಗೂ ಬಾಗುತ್ತದೆ. ಅವರು ತೋಳನ್ನು ಪೂರ್ತಿ ಲಾಕ್ ಮಾಡದೆ ಚೂರು ಸಡಿಲ ಇಟ್ಟುಕೊಳ್ಳಬೇಕು. ಎಡ ಭುಜ ಕಿವಿ ಹತ್ತಿರ ಏರಿದರೂ ತೋಳು ಹೆದೆಗೆ ಅಡ್ಡ ಬರುತ್ತದೆ. ಅದು ಏರುವುದು ಬಿಲ್ಲು ಭಾರ ಆದಾಗ, ಅಂದರೆ ಹೆದೆ ಎಳೆಯಲು ಬೇಕಾದ ಬಲ ಜಾಸ್ತಿಯಾದಾಗ. ಪೌಂಡ್ ಲೆಕ್ಕ ಆ ಬಲದ್ದು. ಮೊದಲ ಬಿಲ್ಲಿಗೇ 40 ಪೌಂಡ್ ತಗೊಂಡು ಬರುವವರನ್ನು ನಾನು 20-25 ಪೌಂಡಿಗೆ ಇಳಿಸುತ್ತೇನೆ. ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಬೆರಳಿನಿಂದ ಬಿಟ್ಟಾಗ ಹೆದೆ ಬೆರಳ ತುದಿಯನ್ನು ಸುತ್ತಿ ಮೊದಲು ಎಡಕ್ಕೆ, ಅಂದರೆ ನಿಮ್ಮ ತೋಳಿನ ಕಡೆಗೇ ಸರಿಯುತ್ತದೆ. ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆದರೆ ವೀಣೆ ತಂತಿ ಮೀಟಿದ ಹಾಗೆ ಹೆದೆ ಕಿತ್ತು ಬಿಟ್ಟರೆ ಅದು ಇನ್ನೂ ಜಾಸ್ತಿಯಾಗುತ್ತದೆ. ಯೂಟ್ಯೂಬ್ ನೋಡಿ ತುರ್ಕಿಯವರ ಖತ್ರಾ ಕಲಿಯಲು ಹೊರಡುವವರೂ ಇದ್ದಾರೆ, ಬಾಣ ಬಿಟ್ಟ ಮೇಲೆ ಬಿಲ್ಲನ್ನು ಮುಂದಕ್ಕೆ ಬಗ್ಗಿಸಿ ಹೆದೆಯಿಂದ ಕೈ ತಪ್ಪಿಸುವ ಉಪಾಯ ಅದು. ಹೆಬ್ಬೆರಳಿನಲ್ಲಿ ಎಳೆಯುವವರದ್ದು. ಬಾಣ ಹೊರಡುವ ಮೊದಲೇ ಕೈ ತಿರುಗಿಸಿದರೆ ಗುರಿಯೂ ಹೋಯಿತು, ಮಣಿಕಟ್ಟೂ ಹೋಯಿತು.

ಹಾಗಾದರೆ ಏಟು ತಡೆಯಲು ಮುಂಗೈಗೆ ಕಟ್ಟುವ ಆರ್ಮ್ ಗಾರ್ಡ್ ಬೇಡ್ವಾ? ಖಂಡಿತ ಬೇಕು. ಒಲಿಂಪಿಕ್ಸ್‌ನವರೇ ಕಟ್ಟುತ್ತಾರೆ, ನಮ್ಮದೇನು. ಸ್ಟೋನ್‌ಹೆಂಜ್ ಹತ್ತಿರ 2002ರಲ್ಲಿ ಸಿಕ್ಕ, 4,000 ವರ್ಷಕ್ಕೂ ಹಳೆಯ ಸಮಾಧಿಯಲ್ಲಿ ಮಲಗಿದ್ದವನ ಕೈ ಹತ್ತಿರ ಕಲ್ಲಿನ ಮಣಿಕಟ್ಟು ಪಟ್ಟಿ ಇತ್ತು. ನಮ್ಮಲ್ಲಿ ವಿರಾಟಪರ್ವದ ಅರ್ಜುನನಿಗೆ ವೇಷ ಮರೆಸಲು ದೊಡ್ಡ ತಲೆನೋವಾಗಿದ್ದು ತೋಳಿನ ಮೇಲಿದ್ದ ಹೆದೆ ಬಡಿದ ಗುರುತುಗಳೇ. ಎರಡೂ ಕೈಯಲ್ಲಿ ಬಾಣ ಬಿಡುವ ಸವ್ಯಸಾಚಿ ಬೇರೆ, ಎರಡೂ ತೋಳಿನ ಮೇಲೆ ಗುರುತು. ಬಳೆ ತೊಟ್ಟು ಮುಚ್ಚಿಕೊಂಡು ಬೃಹನ್ನಳೆಯಾದ. ನೀವು ಮಾತ್ರ ಬಾಣ ಬಿಡುವಾಗ ಎಡಗೈಯ ಬಳೆ, ಕಡಗ, ಸ್ಮಾರ್ಟ್ ವಾಚ್ ಎಲ್ಲಾ ಬಿಚ್ಚಿಡಿ. ಮಳೆಗಾಲದಲ್ಲಿ ಜರ್ಕಿನ್ ತೋಳೂ ಹೆದೆಗೆ ಸಿಕ್ಕಿಕೊಳ್ಳುತ್ತದೆ, ಗಾರ್ಡ್ ಅದರ ಮೇಲೆಯೇ ಕಟ್ಟಿ.

ಗಾರ್ಡ್ ನೋವನ್ನಷ್ಟೇ ಅಲ್ಲ, ಭಯವನ್ನೂ ತಡೆಯುತ್ತದೆ. ಒಂದು ಸಲ ಜೋರಾಗಿ ಬಡಿದವರು ಮುಂದಿನ ಬಾಣಕ್ಕೆ ಕೈಯನ್ನು ಎಡಕ್ಕೆ ಎಳೆದುಕೊಂಡೇ ಬಿಡುತ್ತಾರೆ, ಆ ಚಾಳಿ ಹೋಗಲು ತಿಂಗಳುಗಟ್ಟಲೆ ಬೇಕು. ಅಂಥವರನ್ನು ಗುರಿಹಲಗೆಯಿಂದ ಐದು ಮೀಟರ್‌ ದೂರಕ್ಕೆ ತಂದು, ಗುರಿ ಕಾಗದ ತೆಗೆದು, ಸುಮ್ನೆ ಬಾಣ ಬಿಡಿ ಅನ್ನುತ್ತೇನೆ. ಗಾರ್ಡ್ ಕಟ್ಟಿದ ಮೇಲೂ ಟಪ್ ಟಪ್ ಸದ್ದು ಕೇಳುತ್ತಿದ್ದರೆ ಮತ್ತೆ ಸ್ಕೇಲ್ ಹಿಡಿಯಿರಿ.

ಬಡಿದೇಬಿಟ್ಟರೆ ಅವತ್ತಿಗೆ ಬಿಲ್ಲು ಇಳಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ ಹತ್ತು-ಹದಿನೈದು ನಿಮಿಷ ಇಡಿ. ಬಾಮ್ ಹಚ್ಚಿ ತಿಕ್ಕಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿದ ಜಾಗವನ್ನು ಆಗಲೇ ತಿಕ್ಕಿದರೆ ಊತ ಹೆಚ್ಚುತ್ತದೆ. ನೀಲಿ ಬಣ್ಣ ಹಸಿರಾಗಿ ಹಳದಿಯಾಗಿ ಹೋಗುವವರೆಗೆ ಆ ಜಾಗಕ್ಕೆ ಇನ್ನೊಂದು ಏಟು ಬೇಡ. ಬೆರಳು ಜೋಮು ಹಿಡಿದರೆ, ಎಲುಬಿನ ಮೇಲೆ ಒತ್ತಿದಾಗ ವಿಪರೀತ ನೋವಿದ್ದರೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಾಗಿದ್ದು ಊತ ಹರಡುತ್ತಾ ಹೋದರೆ ಡಾಕ್ಟರಿಗೆ ತೋರಿಸಿ.