ಖಾಲುಬಾರ್: ಬೆಳಗಾಗುವ ಮುಂಚೆ ಮುಗಿಯಬೇಕಿದ್ದ ಕೆಲಸ

ಮಂಗಳೂರಿನಲ್ಲಿ ಸಿಡಿಎಸ್ ಪರೀಕ್ಷೆಗೆ, ಅಂದರೆ ಸೇನೆಯಲ್ಲಿ ಅಧಿಕಾರಿ ಆಗಲು ಬರೆಯುವ ಪರೀಕ್ಷೆಗೆ, ಓದುವ ನಾವು ಐದಾರು ಮಂದಿ ಕದ್ರಿಯ ಯುದ್ಧ ಸ್ಮಾರಕದ ಹತ್ತಿರ ಕೂತಿದ್ದಾಗ ಕಾರ್ಗಿಲ್ ಮಾತು ಬಂತು. ಆ ಯುದ್ಧದಲ್ಲಿ ಖಾಲುಬಾರ್‌ನಲ್ಲಿ ಪ್ರಾಣ ಕೊಟ್ಟ ಸೇನಾಧಿಕಾರಿ ಮನೋಜ್ ಕುಮಾರ್ ಪಾಂಡೆ ಏನು ಮಾಡಿದರು ಅಂದರೆ ಎಲ್ಲರದ್ದೂ ಒಂದೇ ಉತ್ತರ, ಬಂಕರ್ ಒಡೆದರು. ಸರಿಯೇ. ಆದರೆ ಅಷ್ಟು ಅವಸರ ಯಾಕಿತ್ತು? ಅದು ಗೊತ್ತಾಗದೆ ಆ ರಾತ್ರಿ ಅರ್ಥ ಆಗುವುದಿಲ್ಲ, ಅದಕ್ಕೇ ಇದನ್ನು ಬರೆದೆ.

ವಿವರ ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1975ರ ಜೂನ್ 25, ಉತ್ತರ ಪ್ರದೇಶದ ಸೀತಾಪುರ ಜಿಲ್ಲೆ. ಓದಿದ್ದು ಖಡಕ್‌ವಾಸ್ಲಾದ ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ. ಸೇರಿದ್ದು 11ನೇ ಗೂರ್ಖಾ ರೈಫಲ್ಸ್‌ನ 1ನೇ ಬೆಟಾಲಿಯನ್. ಕೆಲವು ಪುಸ್ತಕಗಳಲ್ಲಿ ಕ್ಯಾಪ್ಟನ್ ಅಂತ ಇರುತ್ತದೆ, ಪರಮವೀರ ಚಕ್ರದ ಪ್ರಶಸ್ತಿಪತ್ರದಲ್ಲಿ ಇರುವುದು ಲೆಫ್ಟಿನೆಂಟ್ ಅಂತ. ಪ್ಲಟೂನ್ ಅಂದರೆ ಸುಮಾರು 30 ಜನ, ಅದರಲ್ಲಿ ಹತ್ತತ್ತು ಜನರ ಮೂರು ಸೆಕ್ಷನ್. ಅಂಥ ಒಂದು ಪ್ಲಟೂನಿಗೆ ಅವರು ಕಮಾಂಡರ್.

ಈಗ ಜಾಗ. ಕಾರ್ಗಿಲ್ ಯುದ್ಧ ನಡೆದ ಬಟಾಲಿಕ್ ವಲಯದಲ್ಲಿ ಪಾಕಿಸ್ತಾನದವರು ಹಿಡಿದು ಕೂತಿದ್ದ ಬೆಟ್ಟ ಖಾಲುಬಾರ್, 5,000 ಮೀಟರಿಗೂ ಜಾಸ್ತಿ ಎತ್ತರ. ಬೆಳ್ತಂಗಡಿಯ ಗಡಾಯಿಕಲ್ಲು ಹತ್ತಿದವರಿಗೆ ಒಂದು ವಿಷಯ ಸುಲಭವಾಗಿ ಹೊಳೆಯುತ್ತದೆ: ಕಿರಿದಾದ ದಾರಿ, ಕಡಿದಾದ ಬಂಡೆ, ಮೇಲೆ ನಾಲ್ಕು ಜನ ಕೂತರೆ ಕೆಳಗಿನಿಂದ ಬರುವ ನೂರು ಜನರನ್ನು ತಡೆಯಬಹುದು. ಅಲ್ಲಿ ಹತ್ತುವಾಗಲೇ ನಮಗೆ ಏದುಸಿರು, ಅಲ್ವಾ? ಖಾಲುಬಾರ್‌ನಲ್ಲಿ ಅದರ ಜೊತೆ ಚಳಿ, ತೆಳು ಗಾಳಿ, ಬೆನ್ನಿಗೆ ಭಾರ, ಸುತ್ತಲಿನ ಎತ್ತರದಿಂದ ಗುಂಡು.

1999ರ ಜುಲೈ 2 ಮತ್ತು 3ರ ನಡುವಿನ ರಾತ್ರಿ. ಗುರಿಯ ಹತ್ತಿರ ಬರುವಾಗ ಪ್ಲಟೂನಿನ ಮೇಲೆ ಜೋರು ಗುಂಡಿನ ದಾಳಿ ಆಯಿತು. ಇಲ್ಲಿ ಅಂಡರ್‌ಲೈನ್ ಮಾಡಿಕೊಳ್ಳಿ: ಕತ್ತಲು ಇರುವಷ್ಟು ಹೊತ್ತು ಕೆಳಗಿನವರಿಗೆ ಒಂದಿಷ್ಟು ರಕ್ಷಣೆ ಇರುತ್ತದೆ, ಬೆಳಕು ಹರಿದರೆ ಬೋಳು ಇಳಿಜಾರಿನಲ್ಲಿ ಇಡೀ ಬೆಟಾಲಿಯನ್ ಮೇಲಿನವರ ಕಣ್ಣಿಗೆ ಬೀಳುತ್ತದೆ. ಹಾಗಾಗದಂತೆ ದಾರಿಗೆ ಅಡ್ಡ ಇದ್ದ ನೆಲೆಗಳನ್ನು ತೆಗೆಯುವ ಕೆಲಸ ಮನೋಜ್ ಅವರದ್ದು. ಎದುರಿಗೆ ಶತ್ರು, ಹಿಂದೆ ಬೆಳಗು.

ಅವರು ಸುಮ್ನೆ ನುಗ್ಗಲಿಲ್ಲ. ನನಗೆ ತುಂಬ ಮುಖ್ಯ ಅನಿಸುವುದು ಇದೇ, ನಾವು ಉತ್ತರದಲ್ಲಿ ಬಿಟ್ಟುಬಿಡುವುದೂ ಇದನ್ನೇ. ಗುಂಡು ಬೀಳುತ್ತಿರುವಾಗಲೇ ಮೊದಲು ಪ್ಲಟೂನನ್ನು ಅನುಕೂಲದ ಜಾಗಕ್ಕೆ ಸರಿಸಿದರು, ಒಂದು ಸೆಕ್ಷನ್ನನ್ನು ಬಲಗಡೆಯಿಂದ ಕಳಿಸಿದರು, ಎಡಗಡೆಯ ನೆಲೆಗಳಿಗೆ ತಾವೇ ಹೋದರು. 24 ತುಂಬಿ ಒಂದು ವಾರ ಕಳೆದಿತ್ತು, ಅಷ್ಟೇ. ಆ ವಯಸ್ಸಿನಲ್ಲಿ, ಆ ಗದ್ದಲದಲ್ಲಿ, ಯಾರು ಎಲ್ಲಿಂದ ಹೋಗಬೇಕು ಅಂತ ತಲೆ ಓಡಿಸುವುದೂ ಧೈರ್ಯವೇ ಅಂತ ನಾನು ನಂಬುತ್ತೇನೆ.

ಮೊದಲ ನೆಲೆಯಲ್ಲಿ ಇಬ್ಬರು ಶತ್ರುಗಳನ್ನು ಕೊಂದರು. ಎರಡನೆಯದರಲ್ಲಿ ಇನ್ನಿಬ್ಬರು. ಮೂರನೆಯದನ್ನು ತೆಗೆಯುವಾಗ ಭುಜಕ್ಕೂ ಕಾಲುಗಳಿಗೂ ಗುಂಡು ಬಿತ್ತು. ನಿಲ್ಲಲಿಲ್ಲ, ತಮ್ಮವರನ್ನು ಹುರಿದುಂಬಿಸುತ್ತಾ ನಾಲ್ಕನೆಯದಕ್ಕೆ ನುಗ್ಗಿ ಗ್ರೆನೇಡಿನಿಂದ ಅದನ್ನು ಮುಗಿಸಿದರು, ಅದೇ ಹೊತ್ತಿಗೆ ಹಣೆಗೆ ಗುಂಡು ತಗುಲಿ ಪ್ರಾಣ ಬಿಟ್ಟರು.

ಆ ನಾಲ್ಕು ನೆಲೆ ಹೋದದ್ದರಿಂದ ಬೆಟಾಲಿಯನ್ನಿನ ಉಳಿದ ಕಂಪನಿಗಳಿಗೆ (ಕೆಲವು ಪ್ಲಟೂನ್ ಸೇರಿದ ತುಕಡಿಗಳಿಗೆ) ಮೇಲೆ ಕಾಲೂರಲು ಜಾಗ ಸಿಕ್ಕಿತು, ಕೊನೆಗೆ ಖಾಲುಬಾರ್ ಕೈಗೆ ಬಂತು. ಕಾರ್ಗಿಲ್‌ಗೆ ಸಿಕ್ಕ ನಾಲ್ಕು ಪರಮವೀರ ಚಕ್ರಗಳಲ್ಲಿ ಇದೂ ಒಂದು, ಮರಣೋತ್ತರ. ಅದನ್ನು ತೆಗೆದುಕೊಳ್ಳಲು 2000ದ ಜನವರಿ 26ರಂದು ದೆಹಲಿಗೆ ಹೋದವರು ಅವರ ತಂದೆ ಗೋಪೀಚಂದ್ ಪಾಂಡೆ.